ನಿಂಬೆಹಣ್ಣು ಸಿಕ್ಸಿದ ಚಾಕು

ಸೊಂಟದಾಗೆ ಒಂದು ಸಣ್ಣ ಚಾಕು ಇಟ್ಕೊಂಡು ಓಡಾಡಿ ನೋಡಿ. ಊರಲ್ಲಿರೋ ತಮಾಷೆಯೆಲ್ಲ ನಿಮ್ಮನ್ನೇ ಹುಡುಕ್ಕೊಂಡು ಬತ್ತಾವೆ. ನನ್ನನ್ನಂತೂ ಇನ್ನೂ ಬಿಟ್ಟಿಲ್ಲ.

ನಾನು ಆಂಧ್ರದ ಗಡೀಲಿರೋ ಹಿಂದೂಪುರದ ಒಂದು ಹುಣಸೆ ಮಂಡೀಲಿ ಕೆಲಸ ಮಾಡ್ತೀನಿ. ಕಾಲೇಜು ಸೇರಿದ್ದೆ. ಕಾಲೇಜು ಒಂದಷ್ಟು ದಿನ ನನ್ನ ತಡ್ಕೊಂತು, ನಾನೂ ಅದನ್ನ ತಡ್ಕೊಂಡೆ, ಆಮೇಲೆ ಜಗಳ ಇಲ್ದಂಗೆ ಬೇರೆಯಾದ್ವಿ. ಮಂಡೀಲಿ ದಿನಾ ಚಾಕು ಬೇಕು. ಮೂಟೆ ದಾರ ಕುಯ್ಯೋಕೆ, ಹುಣಸೆ ಉಂಡೆ ಸೀಳಿ ಒಳ್ಗಡೆ ಕಲ್ಲೈತಾ ಬೀಜ ಐತಾ ನೋಡೋಕೆ, ಮಧ್ಯಾಹ್ನ ಈರುಳ್ಳಿ ಹೆಚ್ಚೋಕೆ.

ಇದೇ ಮಂಡೀಲಿ ನಮ್ಮ ತಾತ ದಲ್ಲಾಳಿಯಾಗಿದ್ದ. ಅವನ ಉಡದಾರಕ್ಕೆ ಒಂದು ಚಾಕು ನೇತಾಡ್ತಿತ್ತು. ಬೆರಳುದ್ದದ ಅಲಗು, ಕೊಂಬಿನ ಹಿಡಿ, ತೊಗಲಿನ ಒರೆ. ಹುಣಸೆ ಹುಳಿ ಕುಡ್ದು ಕುಡ್ದು ಅಲಗು ಎಮ್ಮೆ ಬಣ್ಣಕ್ಕೆ ತಿರುಗಿತ್ತು. ನಾನು ಚಿಕ್ಕೋನಿದ್ದಾಗ ಮಾವಿನಕಾಯಿ ಕುಯ್ದು, ಹೋಳನ್ನ ಅದರ ತುದಿಗೇ ಸಿಕ್ಸಿ ಬಾಯಿಗಿಡೋನು. ಇವತ್ತಿಗೂ ಮಾವಿನಕಾಯಿಗೆ ಉಪ್ಪು ಖಾರ ಎಷ್ಟು ಹಾಕಿದ್ರೂ ನನ್ಗೆ ಸಪ್ಪೆ. ಒಂಚೂರು ಕಬ್ಬಿಣದ ರುಚಿ ಬೇಕು.

ತಾತ ಹೋದ ಮೇಲೆ ಆ ಚಾಕು ಕಲ್ಯಾಣದುರ್ಗದ ಅತ್ತೆ ಟ್ರಂಕು ಸೇರ್ತು. ಅತ್ತೆ ಅಂದ್ರೆ ನಮ್ಮಪ್ಪನ ಅಕ್ಕ. ನಮ್ಮ ಕಡೆ ಮದ್ವೆ ಗಂಡಿಗೆ ಅರಿಶಿನ ಹಚ್ಚಿದ ಗಳಿಗೆಯಿಂದ ತಾಳಿ ಕಟ್ಟೋಗಂಟ ಕೈಯಾಗೆ ಒಂದು ಚಾಕು ಕೊಡ್ತಾರೆ, ತುದಿಗೆ ನಿಂಬೆಹಣ್ಣು ಸಿಕ್ಸಿ. ದೃಷ್ಟಿ ತಾಕಬಾರ್ದು ಅಂತ. ನಮ್ಮನೇಲಿ ತಾತ, ಅಪ್ಪ, ಚಿಕ್ಕಪ್ಪ ಎಲ್ಲಾ ಹಿಡಿದಿದ್ದು ಇದೇ ಚಾಕು.

"ಅತ್ತೆ, ಆ ಚಾಕು ನನ್ಗೆ ಕೊಡು" ಅಂದೆ.

"ಮದ್ವೆ ಮಾಡ್ಕೊ, ಕೊಡ್ತೀನಿ."

"ಕಾಲೇಜು ಬುಟ್ಟೋನಿಗೆ ಯಾರು ಹೆಣ್ಣು ಕೊಡ್ತಾರೆ?"

"ಅಂಗಾದ್ರೆ ನಾನ್ಯಾಕೆ ಚಾಕು ಕೊಡ್ಲಿ?"

ಅಲ್ಲಿಂದ ಶುರು ನನ್ನ ಹುಡುಕಾಟ. ಅದು ಸಿಗೋಗಂಟ ಅಂಥದ್ದೇ ಇನ್ನೊಂದು.

ಮಡಚೋದು

ಮೊದ್ಲು ಫ್ಯಾನ್ಸಿ ಸ್ಟೋರಲ್ಲಿ ಒಂದು ಮಡಚೋ ಚಾಕು ತಗೊಂಡೆ. ಜೇಬಲ್ಲಿ ಕೂತ್ಕೊಂತದೆ, ತೊಡೆಗೆ ಚುಚ್ಚಲ್ಲ, ಟಕ್ ಅಂತ ಬಿಚ್ಕೊಂತದೆ. ಮಂಡೀಲಿ ಟಕ್ ಅಂತ ಬಿಚ್ಚಿ ಒಂದು ಹುಣಸೆ ಉಂಡೆ ಸೀಳಿದೆ. ಹುಣಸೆ ಅಂಟು ಮಡಚೋ ಸಂದೀಲಿ ಹೋಗಿ ಕೂತ್ಕೊಂತು ನೋಡಿ, ಚಾಕು ಮತ್ತೆ ಮಡಚ್ಕೊಳ್ಳೋಕೇ ಒಲ್ಲೆ ಅಂತು. ಒತ್ತಿದೆ, ಕುಟ್ಟಿದೆ, ಬೈದೆ. ಊಹೂಂ.

ಬಿಚ್ಚಿದ ಚಾಕು ಜೇಬಿಗೆ ಹಾಕೋಕಾಯ್ತದಾ? ಕೈಯಲ್ಲೇ ಹಿಡ್ಕೊಂಡು ಬಜಾರಲ್ಲಿ ನಡ್ಕೊಂಡು ಮನೆಗೆ ಹೊಂಟೆ. ಜನ ದಾರಿ ಬಿಟ್ರು. ಸಂಜೆ ಹೊತ್ತಲ್ಲಿ ನಮ್ಮ ಬಜಾರಲ್ಲಿ ಹಸುಗೂ ಯಾರೂ ಅಂಗೆ ದಾರಿ ಬಿಡಲ್ಲ. ಎಳನೀರಿನೋನ ಹತ್ರ ನಿಂತು ಬಾಯಿ ತೆಗೆಯೋಕೆ ಮುಂಚೇನೇ ಅವನು ಒಂದು ಕೊಚ್ಚಿ ಕೈಗೆ ಕೊಟ್ಬುಟ್ಟು, "ದುಡ್ಡು ವದ್ದಣ್ಣಾ, ನೂವು ಪೋ, ಪೋ" ಅಂದ. ದುಡ್ಡು ಬೇಡಣ್ಣ, ನೀನು ಹೋಗು ಅಂತ.

ನಮ್ಮ ಸಾವ್ಕಾರ್ರಿಗೆ ಫೋನ್ ಮಾಡಿ ಕೇಳ್ದೆ. "ಬಿಸಿನೀರಲ್ಲಿ ನೆನೆಹಾಕ್ಲಾ, ಬಿಟ್ಕೊಂತದೆ" ಅಂದ್ರು. ಒಂದು ಪಾತ್ರೇಲಿ ನೆನೆಹಾಕಿ ಮಲ್ಕೊಂಡೆ. ಎದ್ದು ನೋಡಿದ್ರೆ ಚಾಕು ಕಟ್ಟೆ ಮೇಲೈತೆ, ನೀರಿಲ್ಲ. ನಮ್ಮಮ್ಮ ಹುಣಸೆನೀರು ಅಂತ ಅದನ್ನೇ ಒಲೆ ಮೇಲಿಟ್ಬುಟ್ಟವ್ಳೆ. ಚಾಕು ಸರಿಹೋಗ್ಲಿಲ್ಲ. ಸಾರು ಬೋ ಚೆನ್ನಾಗಿತ್ತು.

ಪಾರ್ಸಲ್ಲು

ಮಡಚೋ ಸಹವಾಸವೇ ಬೇಡ, ಅಲಗೂ ಹಿಡೀನೂ ಒಂದೇ ಆಗಿರ್ಬೇಕು ಅಂತ ಮೊಬೈಲಲ್ಲಿ ಹುಡುಕ್ದೆ. ಫೋಟೋದಲ್ಲಿ ಒಬ್ಬ ಗಡ್ಡದೋನು ಕಾಡಲ್ಲಿ ಕೂತು ಆ ಚಾಕೂನ ಪ್ರೀತಿಯಿಂದ ನೋಡ್ತಿದ್ದ. ನನ್ನನ್ನ ಯಾರಾದ್ರೂ ಅಂಗೆ ನೋಡಿದ್ರೆ ಸಾಕಿತ್ತು, ತಾತನ ಚಾಕು ಟ್ರಂಕಿಂದ ಯಾವಾಗ್ಲೋ ಆಚೆ ಬಂದಿರೋದು. ಆರ್ಡರ್ ಹಾಕ್ದೆ.

ಪಾರ್ಸಲ್ ತಂದೋನು ಮಂಡಿ ಬಾಗಿಲಲ್ಲೇ ನಿಂತ. "ಈಗ್ಲೇ ಬಿಚ್ಚಿ ನೋಡ್ಕೊಳಣ್ಣ, ಆಮೇಲೆ ಡ್ಯಾಮೇಜು ಅಂತ ನನ್ನ ಪ್ರಾಣ ತಿನ್ಬೇಡ."

ಪ್ಲಾಸ್ಟಿಕ್ ಎಂಥದ್ದು ಅಂದ್ರೆ, ಹಲ್ಲು ಹಾಕ್ದೆ, ಬೀಗದ ಕೈ ಹಾಕ್ದೆ, ಮೂಟೆ ಎತ್ತೋ ಕೊಕ್ಕೇನೂ ಹಾಕ್ದೆ. ಬರ್ಲಿಲ್ಲ. ಚಾಕು ಕಣ್ಣಿಗೆ ಕಾಣ್ತೈತೆ, ತೆಗೆಯೋಕೆ ಚಾಕಿಲ್ಲ. ಅವನು ಉಸ್ಸಂತ ಉಸಿರು ಬಿಟ್ಟು ಜೇಬಿಂದ ಕಬ್ಬಿಣ ಕುಯ್ಯೋ ಆಕ್ಸಾ ಬ್ಲೇಡಿಂದು ಒಂದು ತುಂಡು ತೆಗೆದ. ಒಂದು ಕಡೆ ಮಸೆದೈತೆ, ಇನ್ನೊಂದು ಕಡೆ ಸೈಕಲ್ ಟ್ಯೂಬ್ ಸುತ್ತೈತೆ. ಒಂದೇ ಗೀಟು, ಪ್ಲಾಸ್ಟಿಕ್ ಎರಡು ಭಾಗ.

ನಂದು ಹೊಳೀತಿತ್ತು. ಬೆನ್ನಿಗೆ ಗರಗಸದ ಹಲ್ಲು, ಹಿಡೀಲಿ ದಿಕ್ಸೂಚಿ. ಹಲ್ಲಿಗೆ ಗೋಣಿದಾರ ಸಿಕ್ಕಾಕೊಂಡು ಜಡೆ ಥರ ನೇತಾಡ್ತು. ದಿಕ್ಸೂಚಿ ಎಂಗೆ ತಿರುಗ್ಸಿದ್ರೂ ಬೆಂಗಳೂರ ಕಡೇನೇ ತೋರ್ಸೋದು, ನಮ್ಮೂರ ರೈಲಿನ ಥರ. ಬೀಜ ಬಿಡ್ಸೋ ಅಜ್ಜಿ ಒಂದು ಸಾರಿ ನೋಡಿ, "ಇದ್ರಾಗೆ ಹುಣಸೆಹಣ್ಣು ಸೀಳ್ತೀಯೋ, ಮರ ಕಡೀತೀಯೋ?" ಅಂದ್ಲು.

ನಾನು ಪಾರ್ಸಲ್ಲಿನೋನಿಗೆ, "ಅಣ್ಣಾ, ಇದು ನೀನಿಟ್ಕೊ, ನಿಂದು ನನ್ಗೆ ಕೊಟ್ಬುಡು" ಅಂದೆ.

"ಅದೆಂಗಾಯ್ತದಣ್ಣ? ಇಂಥ ಚಾಕು ತರ್ಸೋರೆಲ್ಲ ನಿನ್ನಂಗೇ ಪಾರ್ಸಲ್ ಹಿಡ್ಕೊಂಡು ನಿಂತಿರ್ತಾರೆ. ಅವ್ರಿಗೆಲ್ಲ ಬಿಚ್ಚಿಕೊಡೋಕೆ ನನ್ಗೆ ಇದೇ ಬೇಕು."

ಸೀಬೆಹಣ್ಣು

ಅದೇ ಹಲ್ಲಿನ ಚಾಕು ಸೊಂಟದಲ್ಲಿಟ್ಕೊಂಡು ಒಂದಿನ ಹುಣಸೆ ಸ್ಯಾಂಪಲ್ ತಗೊಂಡು ಬೆಂಗಳೂರಿಗೆ ಹೊಂಟಿದ್ದೆ. ಸ್ಟೇಷನ್ನಲ್ಲಿ ಒಬ್ಬ ಪೊಲೀಸಪ್ಪ ನಿಲ್ಲಿಸ್ದ.

"ಏಮಿರಾ ಇದಿ?" ಏನ್ಲಾ ಇದು ಅಂತ.

ಗಾಬರೀಲಿ ಬಾಯಿಗೆ ಬಂದಿದ್ದು ಹೇಳ್ಬುಟ್ಟೆ. "ಪಂಡ್ಲು ಕೋಸೇದಾನಿಕಿ ಸಾರ್." ಹಣ್ಣು ಕುಯ್ಯೋಕೆ ಅಂತ.

"ಪಂಡ್ಲೇವಿ?"

ಹಣ್ಣೆಲ್ಲಿ ಅಂದ್ರೆ ಏನು ತೋರ್ಸ್ಲಿ? ಚೀಲದ ತುಂಬ ಹುಣಸೆಹಣ್ಣು. ಅವನು ಸೀಬೆಹಣ್ಣು ಮಾರೋ ಅಮ್ಮನ್ನ ಕರೆದು ಬುಟ್ಟಿ ಕೆಳಗಿಳಿಸ್ದ. "ಕೋಯಿ, ಚೂಸ್ತಾ." ಕುಯ್ಯಿ, ನೋಡ್ತೀನಿ ಅಂತ. ಕುಯ್ದೆ. ಉಪ್ಪು ಖಾರ ಹಚ್ಚಿ ಕೊಟ್ಟೆ. ತಿಂದ. ಪಕ್ಕದ ಬೆಂಚಿನೋರು ನಮ್ಗೂ ಅಂದ್ರು. ಆ ಅಮ್ಮ ನನ್ನ ಪಕ್ಕ ಕೂತು ಖುಷಿಯಾಗಿ ವ್ಯಾಪಾರ ಶುರು ಮಾಡಿದ್ಲು. ನಾನು ಕುಯ್ತಾ ಇದ್ದೀನಿ, ಜನ ತಿಂತಾ ಅವ್ರೆ, ನಮ್ಮೆದುರಿಗೇ ರೈಲು ಬಂತು, ನಿಂತು, ಹೋಯ್ತು.

ಒಂದು ಹೋಳು ತುದಿಗೆ ಸಿಕ್ಸಿ ನಾನೂ ಬಾಯಿಗಿಟ್ಟೆ. ಕಣ್ಣು ಮುಚ್ಚಿ ಅಗಿದೆ. ಸೀಬೆಹಣ್ಣಲ್ಲಿ ಬರೀ ಸೀಬೆಹಣ್ಣಿನ ರುಚಿ. ಈ ಸ್ಟೀಲಿಗೆ ರುಚಿ ಅನ್ನೋದೇ ಇಲ್ಲ, ಇದೂ ಅಲ್ಲ ಬುಡು ಅಂದ್ಕೊಂಡೆ.

ಪೊಲೀಸಪ್ಪ ಬಾಯಿ ಒರೆಸ್ಕೊಂಡು, "ನಿಜಮೇ ಚೆಪ್ಪಿನಾವು, ಪೋ" ಅಂದ. ನಿಜಾನೇ ಹೇಳಿದ್ದೀಯ, ಹೋಗು ಅಂತ.

"ಸಾರ್, ರೈಲು ಹೋಯ್ತು."

ಅವನು ಹಳಿ ನೋಡ್ದ, ಬುಟ್ಟಿ ನೋಡ್ದ. "ಇನ್ನೊಂದು ಬರೋಗಂಟ ಇನ್ನೊಂದೆರಡು ಕುಯ್ಯಿ."

ಹೆಬ್ಬೆಟ್ಟು

ಕೊನೆಗೆ ಊರಾಚೆ ಕೊಲುಮೆಗೆ ಹೋದೆ. ಕಮ್ಮಾರಣ್ಣ ಹಳೇ ಲಾರಿ ಸ್ಪ್ರಿಂಗ್ ಪಟ್ಟಿ ಕಾಯಿಸ್ತಾ ಕೂತಿದ್ದ. ತಾತನ ಚಾಕಿನ ಅಳತೆ ಕೈಯಲ್ಲೇ ತೋರ್ಸ್ದೆ. ಇಷ್ಟುದ್ದ, ಇಷ್ಟಗಲ, ಸ್ಟೀಲ್ ಬೇಡ, ಹುಳಿ ಬಿದ್ರೆ ಕಪ್ಪಾಗ್ಬೇಕು, ಕೊಂಬಿನ ಹಿಡಿ, ಹಿಡೀಲಿ ಹೆಬ್ಬೆಟ್ಟು ಕೂರೋ ಕಡೆ ಒಂದು ತಗ್ಗು.

"ಎಲ್ಲಾ ಮಾಡ್ತೀನಿ ಕಣ್ಲಾ. ತಗ್ಗು ನಾನು ಮಾಡೋದಲ್ಲ. ನಿಮ್ಮ ತಾತನಂಗೆ ಆಯಸ್ಸೆಲ್ಲ ಇಡ್ಕೊ, ಅದೇ ಬತ್ತದೆ."

"ಅಷ್ಟು ದಿನ ಯಾರು ಕಾಯ್ತಾರಣ್ಣ?"

"ನೀನು ಕಾಯೋನಾಗಿದ್ರೆ ಕಾಲೇಜು ಮುಗ್ಸಿರ್ತಿದ್ದೆ ಬುಡು."

ಆದ್ರೂ ಚಾಕು ಚೆನ್ನಾಗೇ ಬಂತು. ಕೈಯಲ್ಲಿ ಹಿಡಿದ್ರೆ ಬಿಡೋಕೆ ಮನಸ್ಸಿಲ್ಲ. ಒರೆ ಮಾತ್ರ ಇರ್ಲಿಲ್ಲ, ತೊಗಲು ಹೊಲಿಯೋನು ಬೆಳುಗುಪ್ಪಕ್ಕೆ ಮಗಳ ಮನೆಗೆ ಹೋಗಿದ್ದ. ಬರೀ ಅಲಗು ಸೊಂಟದಲ್ಲಿಟ್ಕೊಂಡ್ರೆ ನಾನೇ ಹಣ್ಣಾಯ್ತೀನಿ ಅಂದೆ. ಕಮ್ಮಾರಣ್ಣ ಪೂಜೆಗೆ ಇಟ್ಟಿದ್ದ ಒಂದು ನಿಂಬೆಹಣ್ಣು ತಗೊಂಡು ತುದಿಗೆ ಚುಚ್ಚಿದ. "ಒರೆ ಸಿಗೋಗಂಟ ಇದು. ಹುಳಿ ತಾಕಿದ್ರೆ ಇವತ್ತಿಂದ್ಲೇ ಕಪ್ಪಾಯ್ತದೆ, ನಿನ್ಗೂ ಕಾಯೋ ಕೆಲ್ಸ ತಪ್ತದೆ."

ಮದ್ವೆ ಗಂಡು

ಹೊಸ ಚಾಕೂನ ತಾತನ ಚಾಕಿನ ಪಕ್ಕ ಇಟ್ಟು ನೋಡ್ಬೇಕು ಅಂತ ಆಸೆ. ಅವತ್ತೇ ಕಲ್ಯಾಣದುರ್ಗಕ್ಕೆ ಹೊಂಟೆ. ಬೆಳಿಗ್ಗೆ ಪಕ್ಕದ ಅಂಗಡಿಗೆ ಅರಿಶಿನದ ಲೋಡು ಬಂದಿತ್ತು, ಇಳ್ಸೋಕೆ ಕೈ ಹಾಕಿದ್ದೆ. ಎಷ್ಟು ತೊಳೆದ್ರೂ ಕುತ್ತಿಗೆ, ಕಿವಿ ಹಿಂದೆಲ್ಲ ಹಳದಿ. ಅತ್ತೆ ಮನೆಗೆ ಮರ್ಯಾದೆಯಾಗಿ ಹೋಗಾನ ಅಂತ ಬಿಳೀ ಪಂಚೆ, ಬಿಳೀ ಶರ್ಟು. ಕೈಯಲ್ಲಿ ನಿಂಬೆಹಣ್ಣು ಸಿಕ್ಸಿದ ಚಾಕು.

ಬಸ್ಸು ಹತ್ತಿದ ತಕ್ಷಣ ಒಬ್ಬ ಮುದುಕಪ್ಪ ಎದ್ದು ಸೀಟು ಬಿಟ್ಟ. ನನ್ಗೆ ಯಾರೂ ಸೀಟು ಬಿಟ್ಟೋರಿಲ್ಲ, ನಮ್ಮ ಕಾಲೇಜಲ್ಲೂ ಕೊಟ್ಟ ಸೀಟು ವಾಪಸ್ ತಗೊಂಡ್ರು. ರೊದ್ದಂ ಬರೋ ಹೊತ್ತಿಗೆ ಹಿಂದಿನ ಸೀಟಿನ ಅಜ್ಜಿ ತಡ್ಕೊಳ್ಳೋಕಾಗ್ದೆ ಕೇಳೇಬುಟ್ಲು.

"ಯಾಕಪ್ಪಾ, ಅರಿಶಿನ ಹಚ್ಚಿದ ಮೇಲೆ ಮದ್ವೆ ಗಂಡು ಊರು ದಾಟಬಾರ್ದು ಕಣಪ್ಪ. ಒಬ್ನೇ ಎಲ್ಲಿಗೆ ಹೊಂಟೆ?"

"ನಾನು ಮದ್ವೆ ಗಂಡಲ್ಲ ಕಣಜ್ಜಿ."

ಬಸ್ಸಲ್ಲಿದ್ದೋರೆಲ್ಲ ನನ್ನ ಕಡೆ ತಿರುಗಿದ್ರು. ಮುದುಕಪ್ಪ ತಲೆ ಆಡ್ಸ್ತಾ, "ಓಡಿಬಂದವ್ನೆ" ಅಂದ.

ಮುಗೀತು. ಒಬ್ಬಮ್ಮ, "ಆ ಹೆಣ್ಣಿನ ಗತಿ ಏನ್ಲಾ? ಚಪ್ಪರದಾಗೆ ಕೂತ್ಕೊಂಡು ಅಳ್ತಿಲ್ವಾ?" ಅಂದ್ಲು. ಯಾವ ಹೆಣ್ಣು? ಇಲ್ದಿರೋ ಹೆಣ್ಣು ನನ್ಗೋಸ್ಕರ ಅಳ್ತಿದ್ದಾಳೆ ಅಂತ ಕೇಳಿದ್ರೆ, ನಿಜ ಹೇಳ್ತೀನಿ, ಎದೆ ಚುರುಕ್ ಅಂತು. ಪಾಪ, ಅಂತ ನನ್ಗೂ ಅನ್ಸ್ತು. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತು, "ಪೆಳ್ಳಿಕೊಡುಕು ಮಧ್ಯದಾಗೆ ಎಲ್ಲೂ ಇಳೀಬಾರ್ದು. ಕಲ್ಯಾಣದುರ್ಗದಾಗೆ ಯಾರವ್ರೆ ನಿಂಗೆ?" ಅಂದ. ಪೆಳ್ಳಿಕೊಡುಕು ಅಂದ್ರೆ ಮದ್ವೆ ಗಂಡು. ಅತ್ತೆ ಮನೆ ಬೀದಿ ಹೇಳ್ದೆ. ಆ ಅಮ್ಮ ಅದೇ ಬೀದಿಯೋಳು! ಫೋನ್ ತೆಗೆದು, "ಅಕ್ಕಾ, ನಿಮ್ಮ ತಮ್ಮನ ಮಗ ಮದ್ವೆ ಬುಟ್ಟು ಓಡಿಬತ್ತಾವ್ನೆ, ನಾವು ಹಿಡ್ಕೊಂಡಿದ್ದೀವಿ" ಅಂದ್ಬುಟ್ಲು.

ಬಸ್ಸಿಳಿದ್ರೆ ಎದುರಿಗೆ ಅತ್ತೆ. ಕೆನ್ನೆಗೆ ಒಂದು ಬಿಡ್ತಾಳೆ ಅಂದ್ಕೊಂಡೆ. ಅವಳ ಕಣ್ಣಲ್ಲಿ ನೀರು, ಕೈಯಲ್ಲಿ ಹಳದಿ ಬಟ್ಟೆ.

"ನನ್ಗೊಂದು ಮಾತು ಹೇಳ್ದಂಗೆ ಮದ್ವೆ ಇಟ್ಕೊಂಡ್ಯಲ್ಲೋ. ಯಾವುದೋ ಚಾಕು ಹಿಡ್ಕೊಂಡು ಅರಿಶಿನ ಹಚ್ಚಿಸ್ಕೊಂಡಿದ್ದೀಯ, ಅದಕ್ಕೇ ಮನಸ್ಸು ನಿಂತಿಲ್ಲ, ಓಡಿಬಂದಿದ್ದೀಯ. ತಗೋ, ನಿಮ್ಮ ತಾತಂದು ಹಿಡ್ಕೊಂಡು ಸೀದಾ ಚಪ್ಪರಕ್ಕೆ ಹೋಗು."

ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ ಅಂತ, ಹಳದಿ ಬಟ್ಟೆ ಬಿಚ್ಚಿ ಅದನ್ನ ಬಸ್‌ಸ್ಟ್ಯಾಂಡ್ ಬೆಂಚ್ ಮೇಲೆ ಇಟ್ಲು. ನಾನು ಎತ್ಕೊಂಡೆ. ಹೆಬ್ಬೆಟ್ಟು ತಾನಾಗೇ ಹೋಗಿ ತಗ್ಗಲ್ಲಿ ಕೂತ್ಕೊಂತು. ತಾತ ನನ್ನ ಬೆರಳು ಹಿಡ್ಕೊಂಡಂಗಾಯ್ತು. ಮಾವಿನಕಾಯಿ, ಉಪ್ಪು, ಅವನ ನಶ್ಯದ ವಾಸನೆ, ಎಲ್ಲಾ ಒಟ್ಟಿಗೆ ಬಂತು. ಒಂದೇ ಒಂದು "ಹೂಂ ಅತ್ತೆ" ಅಂದಿದ್ರೆ ಸಾಕು, ಚಾಕು ನಂದು. ಹೂಂ ಅನ್ನೋಕೆ ಬಾಯೂ ತೆಗೆದೆ.

"ಹೆಣ್ಣಿನ ಹೆಸ್ರೇನೋ?" ಅಂದ್ಲು ಅತ್ತೆ.

ಕಾಲೇಜಲ್ಲೂ ಇಂಗೇ, ಮೊದಲ್ನೇ ಪ್ರಶ್ನೆಗೇ ಸಿಕ್ಕಾಕೊಂತಿದ್ದೆ.

ಎಲ್ಲಾ ಹೇಳ್ದೆ. ಅರಿಶಿನದ ಲೋಡು, ಇಲ್ದಿರೋ ಒರೆ, ನಿಂಬೆಹಣ್ಣು. ಅತ್ತೆ ಬೆಂಚ್ ಮೇಲೆ ಕೂತ್ಕೊಂಡು ಹೊಟ್ಟೆ ಹಿಡ್ಕೊಂಡು ನಕ್ಳು, ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು, ಮತ್ತೆ ನಕ್ಳು. ನಾನು ಎರಡೂ ಚಾಕು ಪಕ್ಕಪಕ್ಕ ಇಟ್ಟೆ. ಉದ್ದ ಸರಿ, ಅಗಲ ಸರಿ. ಆದ್ರೆ ನಂದು ಹೊಸ ಹುಡುಗನಂಗೆ ಮಿಣಮಿಣ ಅಂತಿತ್ತು. ತಾತಂದು ಸುಮ್ನೆ ಮಲಗಿತ್ತು.

ಅತ್ತೆ ಎರಡನ್ನೂ ಸೇರ್ಸಿ ಹಳದಿ ಬಟ್ಟೇಲಿ ಸುತ್ಕೊಂಡ್ಲು.

"ಅತ್ತೆ, ನಂದು ಯಾಕೆ?"

"ಜೊತೆಗಿರ್ಲಿ ಬುಡು. ಅದನ್ನ ನೋಡಿ ಇದೂ ಒಂಚೂರು ಕಲೀಲಿ. ಮದ್ವೆ ದಿನ ಎರಡೂ ಕೊಡ್ತೀನಿ."

ಊಟ ಹಾಕಿದ್ಲು, ಬೈದ್ಲು, ಮಜ್ಜಿಗೆ ಕೊಟ್ಲು, ಕಳ್ಸಿದ್ಲು. ಈಗ ಟ್ರಂಕಲ್ಲಿ ಎರಡು ಚಾಕು ನನ್ನ ಮದ್ವೆ ಕಾಯ್ತಾವೆ, ನಾನು ಮೂಟೆ ದಾರ ಹಲ್ಲಲ್ಲಿ ಕಡಿತಾ ಇದ್ದೀನಿ.

ಅವತ್ತು ವಾಪಸ್ ಬರೋವಾಗ ಅದೇ ಬಸ್ಸು, ಅದೇ ಕಂಡಕ್ಟರ್. ಟಿಕೆಟ್ ಹರೀತಾ ಕೇಳ್ದ, "ಏನ್ ಪೆಳ್ಳಿಕೊಡುಕಾ, ಮದ್ವೆ ಆಯ್ತಾ?"

"ಎಲ್ಲೀದಣ್ಣ! ಇದ್ದೊಂದು ಚಾಕೂ ಮನೇಲಿ ಕಿತ್ಕೊಂಡ್ರು. ಬೈದು, ಉಣ್ಣೋಕಿಟ್ಟು, ಬಾಯಿ ಮುಚ್ಕೊಂಡು ಕೆಲ್ಸಕ್ಕೆ ಹೋಗು ಅಂತ ಕಳ್ಸಿದ್ರು."

ಕಂಡಕ್ಟರ್ ಟಿಕೆಟ್ ಕೈಗಿಟ್ಟು, ಹೆಗಲ ಮೇಲೆ ಕೈ ಹಾಕ್ದ.

"ಅಂಗಾದ್ರೆ ಮದ್ವೆ ಆದಂಗೇ ಕಣಪ್ಪ. ಹೆಣ್ಣೊಂದು ಬಾಕಿ, ಅಷ್ಟೇ."