ಟೆಂಟಿನ ಮುಂದೆ ಬಂದ ಹಸು

ನಾನು ನಿಂತಿದ್ದದ್ದು ಮೇಜಿನ ಮೇಲೆ. ಮೇಜಿನ ಪಕ್ಕ ಎಂದು ಊರಲ್ಲಿ ಒಂದೆರಡು ಸಲ ಹೇಳಿದ್ದೇನೆ, ಅದು ಸರಿಯಲ್ಲ. ಆಸ್ಟ್ರಿಯಾದ ಒಂದು ದೊಡ್ಡ ಕೆರೆಯ ದಂಡೆ, ಟೆಂಟು ಹಾಕುವವರಿಗೆಂದೇ ಬಿಟ್ಟ ಹುಲ್ಲುಗಾವಲು, ನಮ್ಮ ಟೆಂಟಿನಿಂದ ಆರು ಹೆಜ್ಜೆ ದೂರದಲ್ಲಿ ಊಟಕ್ಕೆಂದು ಇಟ್ಟಿದ್ದ ಮರದ ಮೇಜು. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕಾಲಲ್ಲಿ ಸಾಕ್ಸ್ ಇತ್ತು, ಚಪ್ಪಲಿ ಇರಲಿಲ್ಲ. ಕೈಯಲ್ಲಿ ಒಂದು ದಪ್ಪ ಕಾದಂಬರಿ, ಹದಿನೇಳನೇ ಪುಟದಲ್ಲಿ ಬೆರಳು. ನಿವೃತ್ತಿಯಾದಾಗ ಕೊಂಡ ಪುಸ್ತಕ ಅದು. ಪ್ರವಾಸದಲ್ಲಾದರೂ ಓದಿ ಮುಗಿಸೋಣ ಎಂದು ಹೊತ್ತು ತಂದಿದ್ದೆ.

ಪ್ರವಾಸ ನಮ್ಮ ಮಗಳು ಸುಮಾಳದು. ಕೋಲಾರದ ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳು ಮೂರು ವರ್ಷ ರಜೆ ಉಳಿಸಿಕೊಂಡು ಅಪ್ಪ ಅಮ್ಮನನ್ನು ಹೊರಡಿಸಿದ್ದಳು. ಹೋಟೆಲಿನಲ್ಲಿ ಇಳಿದರೆ ಮೂರು ದಿನ, ಟೆಂಟಿನಲ್ಲಾದರೆ ಹತ್ತು ದಿನ ಎನ್ನುವುದು ಅವಳ ಲೆಕ್ಕ. ಕಷ್ಟ ಬಂದದ್ದು ನನ್ನ ಹೆಂಡತಿ ರತ್ನಳಿಂದ. ನಮ್ಮೂರು ಸುಗಟೂರಿನಲ್ಲಿ ಹಸುವನ್ನು ಪಕ್ಕದ ಮನೆಯ ನಾಗವೇಣಿಗೆ ಒಪ್ಪಿಸಿ ಬಂದಿದ್ದಳು, ಮನಸ್ಸನ್ನೂ ಅಲ್ಲೇ ಬಿಟ್ಟು ಬಂದಿದ್ದಳು. ಸುಮಾ ಒಂದು ಕೋಟೆಯ ಮುಂದೆ ನಿಂತು, "ಅಮ್ಮಾ, ಇದರಲ್ಲಿ ನೂರಿಪ್ಪತ್ತು ಕೋಣೆ ಇದಾವಂತೆ," ಎಂದು ಓದಿ ಹೇಳಿದರೆ ರತ್ನ, "ಗುಡಿಸೋರು ಯಾರು ಕಣೇ?" ಎಂದು ಕೇಳುತ್ತಿದ್ದಳು. ನಾಲ್ಕನೆಯ ದಿನ ಸಂಜೆ, "ನನ್ನ ವಾಪಸ್ ಕಳಿಸಿಬಿಡಿ. ನೀವಿಬ್ಬರೂ ನೋಡ್ಕೊಂಡು ಬನ್ನಿ," ಎಂದಳು. ಸುಮಾ ಫೋನಿನಲ್ಲಿ ಟಿಕೆಟ್ ಹುಡುಕತೊಡಗಿದಳು. ಅವಳ ಮುಖ ನೋಡಲಾಗದೆ ನಾನು ಹದಿನಾರನೇ ಪುಟ ಮತ್ತೊಂದು ಸಲ ಓದಿದೆ.

ಮರುದಿನ ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂತು ಓದುತ್ತಿದ್ದಾಗ ಬೆನ್ನ ಹಿಂದೆ ಯಾರೋ ಜೋರಾಗಿ ಉಸಿರು ಬಿಟ್ಟರು. ತಿರುಗಿದೆ. ಕಂದು ಬಣ್ಣದ ಹಸು. ಕೊರಳಲ್ಲಿ ನಮ್ಮ ಶಾಲೆಯ ಗಂಟೆಯಷ್ಟು ದೊಡ್ಡ ಗಂಟೆ. ಹಸು ಸಾಕಿದ ಮನೆಯಲ್ಲೇ ನಾನು ಹುಟ್ಟಿದ್ದು, ನಿಜ. ಆದರೆ ಮೂವತ್ತೊಂದು ವರ್ಷ ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಹೋಗಿ ಗಣಿತ ಪಾಠ ಮಾಡಿದವನು. ನನಗಿದ್ದದ್ದು ಗೂಟಕ್ಕೆ ಕಟ್ಟಿದ ಹಸುವಿನ ಪರಿಚಯ. ಇದಕ್ಕೆ ಗೂಟವೂ ಇಲ್ಲ, ಹಗ್ಗವೂ ಇಲ್ಲ. ಮೇಜಿನ ಮೇಲಿನಿಂದ ನಾನು ಇಂಗ್ಲಿಷಿನಲ್ಲಿ, ದಯವಿಟ್ಟು ಹೋಗು ಎಂದೆ. ಅದು ಎರಡು ಹೆಜ್ಜೆ ಹತ್ತಿರ ಬಂದು ಅಂಬಾ ಎಂದಿತು.

ಆ ಸದ್ದಿಗೆ ರತ್ನ ಟೆಂಟಿನಿಂದ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. "ಅಯ್ಯೋ ಪಾಪ, ಹಾಲು ಕಟ್ಕೊಂಡಿದೆ," ಎಂದು ಕಾಫಿಗೆ ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿ ಕೆಚ್ಚಲು ತೊಳೆದಳು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಬೆರಳಿಗೆ ಸವರಿಕೊಂಡಳು. ಅನ್ನದ ಪಾತ್ರೆ ಮುಂದಿಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂತು, "ಆಗವೇ ತಲ್ಲೀ, ಆಗು," ಎಂದಳು. ನಿಲ್ಲೇ ತಾಯಿ, ನಿಲ್ಲು ಎಂದರ್ಥ. ಶ್ರೀನಿವಾಸಪುರದ ಕಡೆಯ ಹೆಣ್ಣು, ದನಗಳ ಜೊತೆ ತೆಲುಗೇ. ನನ್ನ ಇಂಗ್ಲಿಷಿಗೆ ಬಗ್ಗದ ಹಸು ಅಲುಗದೆ ನಿಂತಿತು.

"ಅಮ್ಮಾ, ಬೇರೆಯವರ ಹಸು ಕಣಮ್ಮ. ಪೊಲೀಸ್ನೋರು ಬರ್ತಾರೆ," ಎಂದು ಸುಮಾ ಟೆಂಟಿನ ಬಾಗಿಲಲ್ಲೇ ಬೇಡಿಕೊಂಡಳು.

"ಬರ್ಲಿ. ಕೆಚ್ಚಲು ಹೆಂಗೆ ಕಲ್ಲಾಗಿದೆ ಅಂತ ಅವರೂ ನೋಡ್ಲಿ."

ಬಂದದ್ದು ಪೊಲೀಸರಲ್ಲ, ಹಸುವಿನ ಯಜಮಾನ. ಕೈಯಲ್ಲಿ ಹಗ್ಗ, ನನ್ನಷ್ಟೇ ವಯಸ್ಸು, ಹೆಸರು ಯೋಸೆಫ್ ಎಂದು ಆಮೇಲೆ ತಿಳಿಯಿತು. ಪಾತ್ರೆ ಅರ್ಧ ತುಂಬಿತ್ತು. ನಾನು ಕ್ಷಮೆ ಕೇಳಲು ವಾಕ್ಯ ಜೋಡಿಸುತ್ತಿದ್ದೆ, ಮೇಜಿನ ಮೇಲಿನಿಂದಲೇ. ರತ್ನ ಏಳಲಿಲ್ಲ. "ಮಧ್ಯದಲ್ಲಿ ಬಿಟ್ರೆ ಬಾವು ಬರುತ್ತೆ, ಅವರಿಗೆ ಹೇಳೇ ಸುಮಾ." ಸುಮಾ ಫೋನಿಗೆ ಹೇಳಿದಳು, ಫೋನು ಅವರ ಭಾಷೆಯಲ್ಲಿ ಹೇಳಿತು. ಯೋಸೆಫ್ ಕೇಳಿಸಿಕೊಂಡು ಹಗ್ಗ ಕೆಳಗಿಟ್ಟು, ಹಸುವಿನ ಹಿಂದೆ ಹೋಗಿ, ರತ್ನಳ ಮುಖಕ್ಕೆ ಬಡಿಯದಂತೆ ಬಾಲ ಹಿಡಿದುಕೊಂಡು ನಿಂತ.

ಆಗ ರತ್ನ ಮೊದಲ ಸಲ ನನ್ನ ಕಡೆ ನೋಡಿದಳು. "ನೋಡಿ, ಮೂವತ್ತೆರಡು ವರ್ಷದಿಂದ ನಿಮ್ಮನ್ನ ಕೇಳಿದ್ದು ಇಷ್ಟೇ," ಎಂದಳು.

ವಾಪಸ್ ಹೋಗುವ ಮಾತು ಮತ್ತೆ ಬರಲಿಲ್ಲ. ಉಳಿದ ಐದು ದಿನವೂ ರತ್ನ ಬೆಳಿಗ್ಗೆ ಯೋಸೆಫನ ಕೊಟ್ಟಿಗೆ ಕೆಲಸ ಮುಗಿಸಿಕೊಂಡು ಬಂದು, ಕೋಟೆ, ದೋಣಿ, ಹಿಮದ ಬೆಟ್ಟ ಎಲ್ಲವನ್ನೂ ನಮಗಿಂತ ಮುಂದೆ ನಡೆದು ನೋಡಿದಳು. ಸುಮಾ ತೆಗೆದ ಫೋಟೋಗಳಲ್ಲಿ ಐದನೆಯ ದಿನದಿಂದ ಅಮ್ಮ ನಗುತ್ತಿದ್ದಾಳೆ.

ಇದನ್ನು ಕಣ್ಣಾರೆ ಕಂಡವರು: ಸುಮಾ, ರತ್ನ, ಯೋಸೆಫ್, ಪಕ್ಕದ ಟೆಂಟಿನ ಡಚ್ ದಂಪತಿ, ಅವರ ಹತ್ತಿರ ವಿಡಿಯೋ ಇದೆ, ಮತ್ತು ಆ ಕಂದು ಹಸು. ಎಲ್ಲರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ಸುಗಟೂರಿನ ನಮ್ಮ ಹಸು ಮಾತ್ರ ನೋಡಿಲ್ಲ. ಹಾಗಾಗಿ ಅದಕ್ಕೆ ನನ್ನ ಮೇಲೆ ಇನ್ನೂ ಒಂದಿಷ್ಟು ಗೌರವವಿದೆ. ಸಂಜೆ ನಾನು ಬಾಲ ಹಿಡಿದರೆ ಸುಮ್ಮನೆ ನಿಲ್ಲುತ್ತದೆ.