ಶಾಂತಕ್ಕನ ಮನೆಯ ಎರಡನೇ ಸದಸ್ಯ

ಫಾರ್ಮ್ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಟೆಕ್ಸಸ್‌ನಲ್ಲೇ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ವೀಸಾ, ಟ್ಯಾಕ್ಸ್, ಗ್ರೀನ್ ಕಾರ್ಡ್, ಯಾವ ಫಾರ್ಮಿಗೂ ನಾನು ಹೆದರಿದವನಲ್ಲ. ಹಾಗಾಗಿ ಆ ದಿನ ಶಾಂತಕ್ಕನ ಟೇಬಲ್ ಮೇಲೆ ಖಾಲಿ ಫಾರ್ಮೊಂದನ್ನು ಕಂಡ ಕೂಡಲೇ ನನ್ನ ಕೈ ತುರಿಸತೊಡಗಿತು.

ಶಾಂತಕ್ಕ ಹುಬ್ಬಳ್ಳಿಯವರು. ಇಲ್ಲಿಗೆ ಬಂದು ಮೂವತ್ತು ವರ್ಷವಾಗಿದೆ. ಕಾರ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಮೇಲೆ ಗಾಲಿಕುರ್ಚಿಯಲ್ಲೇ ಓಡಾಟ. ಲಾಸ್ ಕೊಲಿನಾಸ್ ಹತ್ತಿರದ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ ಒಬ್ಬರೇ ಇದ್ದಾರೆ. ಅಂಗವಿಕಲರಿಗೆ ಬರುವ ಸಣ್ಣ ಪಿಂಚಣಿಯೇ ಆದಾಯ. ಬಾಡಿಗೆಯ ಬಹುಪಾಲನ್ನು ವಸತಿ ಕಚೇರಿ ಕಟ್ಟುತ್ತದೆ. ಕುರ್ಚಿ ಸಲೀಸಾಗಿ ನುಗ್ಗುವ ಬಾಗಿಲು, ಕೂತೇ ಅಡುಗೆ ಮಾಡುವಷ್ಟು ತಗ್ಗಿನ ಒಲೆ. ಇಂಥದ್ದೊಂದು ಮನೆಗಾಗಿ ಅವರು ವರ್ಷಗಟ್ಟಲೆ ಕಾದಿದ್ದರು.

ನಾನು ಕಾಪೆಲ್‌ನ ನಮ್ಮ ಮನೆಯಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ಐದು ವರ್ಷದಿಂದ ದಿನಾ ಬೆಳಿಗ್ಗೆ ಅವರ ಮನೆಗೆ ಹೋಗುತ್ತೇನೆ. ಸಹಾಯ ಮಾಡುವುದಕ್ಕೆ! ಹಾಗೆಂದು ನನ್ನ ಹೆಂಡತಿ ವೀಣಾಗೆ ಹೇಳಿದ್ದೇನೆ. ಅಲ್ಲಿ ಆ ಹೊತ್ತಿಗೆ ಸರಿಯಾಗಿ ಬಿಸಿ ಉಪ್ಪಿಟ್ಟೋ ಮಂಡಕ್ಕಿಯ ಗಿರ್ಮಿಟ್ಟೋ ಸಿದ್ಧವಿರುವುದು ಕೇವಲ ಕಾಕತಾಳೀಯ.

"ಬಿಡಪಾ ನಾಗೂ, ಬಾಡಿಗಿ ಸಹಾಯದ ಫಾರ್ಮ್ ಅದು, ಪ್ರತಿ ವರ್ಷ ನಾನ ತುಂಬತೀನಿ. ಹತ್ತು ಮಿನಿಟಿನ ಕೆಲಸ," ಎಂದರು ಶಾಂತಕ್ಕ.

"ನಾನಿರೋವಾಗ ನಿಮಗ್ಯಾಕೆ ಅಕ್ಕಾ ತೊಂದರೆ?" ಎಂದು ಪೆನ್ನು ಕಸಿದುಕೊಂಡೆ.

ಎರಡನೇ ಪುಟದಲ್ಲಿ 'ಮನೆಯ ಸದಸ್ಯರು' ಎಂಬ ಕಾಲಂ ಇತ್ತು. ಒಟ್ಟು ಆರು ಸಾಲು. ಮೊದಲನೆಯದರಲ್ಲಿ ಶಾಂತಕ್ಕನ ಹೆಸರು ಬರೆದೆ. ಉಳಿದ ಐದು ಖಾಲಿ! ಬಂದವರಿಗೆಲ್ಲ "ಇಂವ ನಮ್ಮ ಮನೀ ಮನಿಶ್ಯಾ" ಎಂದು ನನ್ನನ್ನು ತೋರಿಸುವ ಅಕ್ಕನನ್ನು ಸರ್ಕಾರದೆದುರು ಒಂಟಿ ಮಾಡುವುದೇ? ಎರಡನೇ ಸಾಲಿನಲ್ಲಿ ನನ್ನ ಹೆಸರು ಬರೆದೆ. ಸಂಬಂಧ: ತಮ್ಮ, ಒಡಹುಟ್ಟಿದವನಲ್ಲದಿದ್ದರೇನಂತೆ. ಮೂರನೆಯದರಲ್ಲಿ ವೀಣಾಳ ಹೆಸರು. ಪಕ್ಕದಲ್ಲಿ ಆದಾಯದ ಕಾಲಂ. ಸುಳ್ಳು ಹೇಳುವ ಜಾಯಮಾನ ನನ್ನದಲ್ಲ. ಇಬ್ಬರ ಸಂಬಳವನ್ನೂ ಬೋನಸ್ಸನ್ನೂ ಸೇರಿಸಿ, ಸ್ವಲ್ಪ ಎದೆಯುಬ್ಬಿಸಿಯೇ ಬರೆದೆ.

"ನೀ ಬರದಿ ಅಂದ್ರ ಮುಗೀತು," ಎಂದು ಶಾಂತಕ್ಕ ಓದದೆ ಸಹಿ ಹಾಕಿದರು. ಪಾಪ, ಅವರು ಮಾಡಿದ ತಪ್ಪು ಅದೊಂದೇ.

ಮೂರು ವಾರದ ನಂತರ ವಸತಿ ಕಚೇರಿಯಿಂದ ಪತ್ರ ಬಂತು. ನಾನು ಹೋದಾಗ ಒಲೆ ತಣ್ಣಗಿತ್ತು. ಅದನ್ನು ನೋಡಿಯೇ ಏನೋ ಅನಾಹುತವಾಗಿದೆ ಎಂದು ನನಗೆ ತಿಳಿಯಿತು.

"ಮನಿ ಆದಾಯ ಭಾಳ ಆಗೇತಂತ. ಮುಂದಿನ ತಿಂಗಳಿಂದ ಬಾಡಿಗಿ ಪೂರ್ತಿ ನಾನ ಕಟ್ಟಬೇಕಂತ. ಈ ಮನಿ ಬಿಟ್ರ ನಾ ಎಲ್ಲಿ ಹೋಗ್ಲೋ ನಾಗೂ?"

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನಗೆ ನಿಜಕ್ಕೂ ಅಳು ಬಂತು.

ಮನೆಗೆ ಬಂದು ವೀಣಾಳ ಮುಂದೆ ತಪ್ಪೊಪ್ಪಿಕೊಂಡೆ.

"ರೀ, ನೀವು ವಾಸ ಇರೋದು ಎಲ್ಲಿ?"

"ಇಲ್ಲೇ."

"ಮತ್ತೆ ಅಲ್ಲಿ ಯಾಕೆ ಹೆಸರು ಬರೆದ್ರಿ?"

"ಪ್ರೀತಿಗೆ."

"ಪ್ರೀತಿಗೆ ಸಂಬಳ ಯಾಕ್ರೀ ಬರೆದ್ರಿ?"

"ಕೇಳಿದ್ರಲ್ಲ!"

ವೀಣಾ ಹಣೆ ಚಚ್ಚಿಕೊಂಡಳು. "ಆ ಮನೇಲಿ ಇರೋವ್ರ ಆದಾಯ ಎಲ್ಲಾ ಕೂಡಿಸಿ ಸಹಾಯ ಎಷ್ಟು ಅಂತ ಲೆಕ್ಕ ಹಾಕ್ತಾರೆ. ನೀವು ಅಕ್ಕನ್ನ ರಾತ್ರೋರಾತ್ರಿ ಶ್ರೀಮಂತರನ್ನಾಗಿ ಮಾಡಿದ್ದೀರಿ! ಅದೂ ನನ್ನ ಸಂಬಳ ಸೇರಿಸಿ!"

ಮರುದಿನ ಮೂವರೂ ಡಾಲಸ್‌ನ ವಸತಿ ಕಚೇರಿಗೆ ಹೋದೆವು. ಗ್ಲೋರಿಯಾ ಎಂಬ ಅಧಿಕಾರಿ ನಗುಮುಖದಿಂದಲೇ ವಿಚಾರಣೆ ಆರಂಭಿಸಿದರು. ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ಅಕ್ಕನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ತಿಳಿದರೆ ಈಕೆಯ ಮನಸ್ಸು ಕರಗುತ್ತದೆ ಎಂದು ಲೆಕ್ಕ ಹಾಕಿದೆ.

"ಆ ಮನೆಗೆ ಎಷ್ಟು ಸಲ ಹೋಗುತ್ತೀರಿ?"

"ದಿನಾ!" ಎಂದೆ ಹೆಮ್ಮೆಯಿಂದ.

"ನಿಮ್ಮ ಹತ್ತಿರ ಬೀಗದ ಕೈ ಇದೆಯೇ?"

ಜೇಬಿನಿಂದ ತೆಗೆದು ಝಣಝಣ ಆಡಿಸಿದೆ.

"ನಿಮ್ಮ ಬಟ್ಟೆ?"

"ಒಂದು ಶರ್ಟ್ ಇಟ್ಟಿದ್ದೇನೆ. ತಿಂಡಿ ತಿನ್ನುವಾಗ ಮೈಮೇಲೆ ಚೆಲ್ಲಿಕೊಂಡರೆ ಇರಲಿ ಅಂತ."

ಟೇಬಲ್ ಕೆಳಗೆ ವೀಣಾ ನನ್ನ ಕಾಲನ್ನು ಜೋರಾಗಿ ತುಳಿದಳು. ಗ್ಲೋರಿಯಾ ಎಲ್ಲವನ್ನೂ ಟೈಪ್ ಮಾಡುತ್ತಿದ್ದರು. ನಾನು ಪ್ರೀತಿಗೆ ಕೊಟ್ಟ ಸಾಕ್ಷಿಗಳೆಲ್ಲ ಆ ಮನೆಯಲ್ಲೇ ನಾನು ವಾಸವಾಗಿದ್ದೇನೆ ಎನ್ನುವುದಕ್ಕೆ ಸಾಕ್ಷಿಗಳಾಗುತ್ತಿದ್ದವು!

"ನಾಗೂ, ಬಾಯಿ ಮುಚ್ಚಪಾ, ಸಾಕು," ಎಂದರು ಶಾಂತಕ್ಕ.

ಗ್ಲೋರಿಯಾಗೆ ನಮ್ಮ ಮೇಲೆ ಕನಿಕರ ಬಂದಿರಬೇಕು. "ಜೊತೆಯಲ್ಲೇ ಇದ್ದು ಆರೈಕೆ ಮಾಡುವವರಾದರೆ ಅವರ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಅಂಥವರೇ? ಅಡುಗೆ, ಬಟ್ಟೆ, ಮನೆ ಸ್ವಚ್ಛ ಮಾಡುವುದು?"

ನಾನು ಬಾಯಿ ತೆರೆಯುವುದರೊಳಗೆ ಶಾಂತಕ್ಕ ನಗಲಾರಂಭಿಸಿದರು. ಪತ್ರ ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. "ಇಂವ? ಅಡಗಿ ನಂದು, ತಿನ್ನೂದಷ್ಟ ಇವಂದು!" ಎಂದು ವೀಣಾ ಕಡೆ ತಿರುಗಿ ಹೇಳಿದರು. ವೀಣಾ ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದಳು.

ಹಾಗಾದರೆ ಬೇರೆ ಕಡೆ ವಾಸವಿರುವುದಕ್ಕೆ ದಾಖಲೆ ಬೇಕು, ಶಾಂತಕ್ಕನ ಹೇಳಿಕೆಯೂ ಬೇಕು ಎಂದರು ಗ್ಲೋರಿಯಾ. ವೀಣಾ ಬ್ಯಾಗಿನಿಂದ ನಮ್ಮ ಕಾಪೆಲ್ ಮನೆಯ ಕಾಗದ, ಕರೆಂಟ್ ಬಿಲ್, ನೀರಿನ ಬಿಲ್ ತೆಗೆದು ಸಾಲಾಗಿ ಜೋಡಿಸಿದಳು. ಗ್ಲೋರಿಯಾ ಅವನ್ನು ನೋಡಿದರು, ನಂತರ ನನ್ನ ಬೀಗದ ಕೈ ನೋಡಿದರು. ಅನುಮಾನ ಹೋಗಲಿಲ್ಲ.

ಆಗ ಶಾಂತಕ್ಕ ಕಾಗದ ಎಳೆದುಕೊಂಡು ಇಂಗ್ಲಿಷಿನಲ್ಲಿ ಹೇಳಿಕೆ ಬರೆದರು. ಗ್ಲೋರಿಯಾ ಗಟ್ಟಿಯಾಗಿ ಓದಿದರು:

"ನಾಗರಾಜ ನನ್ನ ಮನೆಯ ಸದಸ್ಯನಲ್ಲ. ಅಲ್ಲಿ ಮಲಗುವುದಿಲ್ಲ. ಬಾಡಿಗೆ ಕೊಡುವುದಿಲ್ಲ. ಐದು ವರ್ಷದಲ್ಲಿ ಒಂದು ಲೋಟವನ್ನೂ ತೊಳೆದಿಲ್ಲ. ತಿಂಡಿಯ ಹೊತ್ತಿಗೆ ಬರುತ್ತಾನೆ, ತಿಂದು ಹೋಗುತ್ತಾನೆ."

ಯಾವ ಬಿಲ್ಲಿಗೂ ಕರಗದ ಗ್ಲೋರಿಯಾ ಇದನ್ನು ಆ ಕ್ಷಣವೇ ನಂಬಿದರು! ನನ್ನ ಮುಖ ನೋಡಿದರೆ ಹಾಗನ್ನಿಸುತ್ತಿತ್ತೋ ಏನೋ. ನಾವಿಬ್ಬರೂ ಆ ಮನೆಗೆ ಸೇರಿದವರಲ್ಲ ಎಂದು ನನ್ನಿಂದಲೂ ವೀಣಾಳಿಂದಲೂ ಸಹಿ ಹಾಕಿಸಿಕೊಂಡರು. ಹಾಕುವಾಗ ಸಂಕಟವಾಯಿತು. ಆದರೆ ಶಾಂತಕ್ಕನ ಬಾಡಿಗೆ ಸಹಾಯ ಮೊದಲಿನಂತೆಯೇ ಮುಂದುವರಿಯಿತು. ಆ ಹೇಳಿಕೆಯ ಒಂದು ಪ್ರತಿ ತನಗೂ ಬೇಕೆಂದು ವೀಣಾ ಕೇಳಿ ಪಡೆದಳು. ಅದು ಈಗ ನಮ್ಮ ಫ್ರಿಜ್ ಮೇಲೆ ರಾರಾಜಿಸುತ್ತಿದೆ.

ಮರುದಿನ ಬೆಳಿಗ್ಗೆ ಬೀಗದ ಕೈ ಜೇಬಿನಲ್ಲೇ ಇಟ್ಟುಕೊಂಡು, ಸಭ್ಯ ಅತಿಥಿಯಂತೆ ಬೆಲ್ ಒತ್ತಿದೆ.

"ಒಳಗ ಬಾರೋ, ಗಿರ್ಮಿಟ್ ಮೆತ್ತಗಾಗ್ತೈತಿ!" ಎಂಬ ಕೂಗು ಕೇಳಿಸಿತು.

ಎರಡು ತಟ್ಟೆ ತಿಂದೆ. ಹೊಟ್ಟೆಯ ಜೊತೆಗೆ ಮನಸ್ಸೂ ತುಂಬಿತು. ಸರ್ಕಾರಿ ದಾಖಲೆಯಲ್ಲಿ ಉಳಿದುಹೋದ ಕಳಂಕವನ್ನು ತೊಳೆದುಕೊಳ್ಳಲೇಬೇಕೆಂದು ಶರ್ಟಿನ ತೋಳು ಮಡಚಿ ಸಿಂಕಿನ ಮುಂದೆ ನಿಂತೆ. ಐದು ವರ್ಷದಲ್ಲಿ ಮೊದಲ ಸಲ!

ಫಳ್!

ಶಾಂತಕ್ಕ ಕುರ್ಚಿ ತಿರುಗಿಸಿಕೊಂಡು ಬಂದು, ನೆಲದ ಮೇಲಿನ ಗಾಜಿನ ಲೋಟದ ಚೂರುಗಳನ್ನೂ ನನ್ನನ್ನೂ ನೋಡಿದರು.

"ಛಲೋ ಆತು ಬಿಡಪಾ, ಆ ಫಾರ್ಮಿನ್ಯಾಗಿಂದ ನಿನ್ನ ಹೆಸರು ತಗಸಿದ್ದು."