ಟೀವಿಯಲ್ಲಿ ನೊಣವಾಗಿ ಹಾರಾಡಿದ ನನ್ನ ಡ್ರಾಯಿಂಗ್ ಟ್ಯಾಬ್ಲೆಟ್ಟಿಗೆ

ಮಾನ್ಯ ಟ್ಯಾಬ್ಲೆಟ್ ಮಹಾಶಯರೇ,

ತಮ್ಮ ನುಣುಪಾದ ಕಪ್ಪು ಮೈಗೂ ತಮ್ಮ ಪರಿವಾರದ ಪೆನ್ನಿಗೂ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬದುಕುವ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನಮ್ಮ ಮನೆಗೆ ದಯಮಾಡಿಸಿದ ಪೆಟ್ಟಿಗೆಯ ಮೇಲೆ ‘ಸಿಕ್ಕಿಸಿ, ಬರೆಯಿರಿ’ ಎಂದಿತ್ತು. ಸಿಕ್ಕಿಸುವ ತನಕ ಅದು ಅಕ್ಷರಶಃ ನಿಜ.

ನನ್ನ ಹಳೆಯ ಕಂಪ್ಯೂಟರಿಗೆ ನಾದಿನಿ ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿ ಮರುಜೀವ ಕೊಟ್ಟದ್ದು ತಮ್ಮ ಘನತೆಗೆ ಒಗ್ಗಲಿಲ್ಲವೆಂದು ಕಾಣುತ್ತದೆ. ಅಂದು ಸಂಜೆಯೊಳಗೆ ನಾನೊಂದು ಬೆಕ್ಕಿನ ಚಿತ್ರ ಕಳಿಸಬೇಕಿತ್ತು. ನನ್ನ ಚಿತ್ರ ಮೊದಲ ಬಾರಿಗೆ ರಕ್ಷಾಪುಟಕ್ಕೆ ಏರುವುದಿತ್ತು, ತಡವಾದರೆ ಬೇರೆಯವರಿಂದ ಬರೆಸುವುದಾಗಿ ಸಂಪಾದಕಿ ಹೇಳಿಬಿಟ್ಟಿದ್ದರು. ತಾವಾದರೋ, ಪೆನ್ನು ಸವರಿದರೂ ಊರಿದರೂ ಭೇದವೆಣಿಸದೆ ಒಂದೇ ಗೆರೆ ಎಳೆದು, ಬೆಕ್ಕಿನ ಮೀಸೆಯನ್ನು ಬಾಲದಷ್ಟೇ ದಪ್ಪ ಮಾಡಿದಿರಿ. ಇಂಥ ಸಮದೃಷ್ಟಿ ಋಷಿಗಳಿಗೂ ಅಪರೂಪ.

ಕೈಯನ್ನು ಬಲಕ್ಕೆ ಸರಿಸಿದೊಡನೆ ಪೆನ್ನಿನ ಜೊತೆ ಓಡಾಡುವ ಬಾಣದ ಗುರುತೇ ಕಂಪ್ಯೂಟರಿನ ಪರದೆಯಿಂದ ಮಾಯವಾಯಿತು. ಹುಡುಕುವಷ್ಟರಲ್ಲಿ ನಡುಮನೆಯಿಂದ ಮಾವನವರ ಕೂಗು: “ಏನಮ್ಮಾ, ವಾರ್ತೆ ಓದೋಳ ಮೂಗಿನ ಮೇಲೆ ನೊಣ ಕೂತಿದೆ! ಓಡಿಸಿದ್ರೆ ಹಣೆಗೆ ಹೋಗ್ತದೆ!” ಅವರು ನೋಡುವ ಟೀವಿಯನ್ನು ಉದ್ದದ ಕೇಬಲ್ಲಿನಿಂದ ಇದೇ ಕಂಪ್ಯೂಟರಿಗೆ ಜೋಡಿಸಿದ್ದೇವೆ. ನಾನು ಓಡಿಹೋಗುವುದರೊಳಗೆ ಅವರು ಟವೆಲಿನಿಂದ ಬಾರಿಸಿಯಾಗಿತ್ತು. ಟೀವಿ ಗೋಡೆಗೆ ವಾಲಿತ್ತು, ನೊಣ ಮಾತ್ರ ಕದಲಿರಲಿಲ್ಲ.

ಅಂತರ್ಜಾಲದಲ್ಲಿ ಹುಡುಕಿದರೆ, ನನ್ನದೇ ಗೋಳು ತೋಡಿಕೊಂಡವರೊಬ್ಬರಿಗೆ ಪುಣ್ಯಾತ್ಮರೊಬ್ಬರು ‘ನನ್ನಲ್ಲಿ ಚೆನ್ನಾಗಿ ನಡೆಯುತ್ತಿದೆ’ ಎಂದಷ್ಟೇ ಉತ್ತರಿಸಿದ್ದರು. ಅವರ ಸಂತೋಷದಲ್ಲಿ ನಾನೂ ಭಾಗಿಯಾಗಿ, ನಾದಿನಿಗೆ ಫೋನು ಮಾಡಿದೆ.

“ಅತ್ತಿಗೆ, ಟೀವಿನೂ ನಿಮ್ಮ ಪರದೆನೂ ಸೇರಿ ಒಂದೇ ಹಾಳೆ ಅಂದ್ಕೊಂಡಿದೆ ಅದು,” ಎಂದು ಅವಳು ಹೊಟ್ಟೆ ಹಿಡಿದು ನಕ್ಕಳು. “ಮೊದ್ಲು ಟ್ಯಾಬ್ಲೆಟ್ಟಿನ ಭಾಷೆ ಕಂಪ್ಯೂಟರಿಗೆ ತಿಳಿಸೋ ಡ್ರೈವರ್ ಹಾಕೋಣ, ಆಮೇಲೆ ಅದನ್ನ ನಿಮ್ಮ ಪರದೆಗೇ ಕಟ್ಟಿಹಾಕೋಣ. ನಾನು ಹೇಳಿದ್ದನ್ನ ಹಾಗೇ ಟೈಪ್ ಮಾಡಿ, ಸ್ವಂತ ಬುದ್ಧಿ ಬೇಡ.”

ಅವಳು ಹೇಳಿದಂತೆ ಟೈಪು ಮಾಡಿದೆ, ನಡುವೆ ಒಂದು ಪುಟ್ಟ ಅಡ್ಡಗೆರೆ ಬಿಟ್ಟುಹೋದದ್ದಕ್ಕೆ ಕಂಪ್ಯೂಟರಿನಿಂದ ಪುಟಗಟ್ಟಲೆ ಬೈಸಿಕೊಂಡೆ, ಮತ್ತೆ ಮಾಡಿದೆ. ಕೊನೆಗೆ ಪೆನ್ನನ್ನು ಸುಮ್ಮನೆ ತಾಗಿಸಿದರೆ ಕೂದಲೆಳೆಯಂಥ ಮೀಸೆಯೊಂದು ನನ್ನ ಪರದೆಯಲ್ಲೇ ಮೂಡಿತು. ಕಣ್ಣು ತುಂಬಿಬಂದದ್ದನ್ನು ತಮ್ಮೆದುರು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಬೆಳಕಿರುವಾಗಲೇ ಬೆಕ್ಕು ಹೊರಟಿತು. ಮೀಸೆ ಮುಟ್ಟಿದರೆ ಚುಚ್ಚುವಂತಿದೆ ಎಂದು ಸಂಪಾದಕಿ ಬರೆದರು. ರಕ್ಷಾಪುಟ ನನ್ನದೇ ಆಯಿತು.

ಆದರೂ, ಕಂಪ್ಯೂಟರನ್ನು ಆರಿಸಿ ಹಚ್ಚಿದಾಗಲೆಲ್ಲ ತಾವು ನಮ್ಮ ಗುರುತೇ ಇಲ್ಲದವರಂತೆ ಮೊದಲಿನ ಚಾಳಿಗೆ ಮರಳುತ್ತೀರಿ. ಟೀವಿಗೆ ಹೋಗಲೇಬೇಕೆಂಬ ಹಟವಿದ್ದರೆ, ದಯವಿಟ್ಟು ಹವಾಮಾನ ವರದಿಯ ಹೊತ್ತಿಗೆ ಹೋಗಿ. ಅಲ್ಲಿ ಬಾಣದ ಗುರುತಿಗೆ ಒಂದಷ್ಟು ಕೆಲಸವಾದರೂ ಇರುತ್ತದೆ.

ತಾವು ಗಮನಿಸದ ಒತ್ತಡವನ್ನೆಲ್ಲ ತಾನೇ ಅನುಭವಿಸಿದ,
ತಮ್ಮ ವಿಶ್ವಾಸಿ,
ಬೆಕ್ಕಿನ ಚಿತ್ರಗಾರ್ತಿ

ವಿ.ಸೂ.: ತಮಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೇನೆಂದು ತಮ್ಮ ತಯಾರಕರು ನನ್ನನ್ನು ವಿಚಾರಿಸಿದ್ದಾರೆ. ಉದಾರವಾಗಿ ಐದನೆಯದನ್ನೇ ಒತ್ತಲು ತಮ್ಮ ಪೆನ್ನನ್ನು ಹಿಡಿದೆ. ಅದು ತಾನಾಗಿ ಸರಿದು ಒಂದನೆಯದರ ಮೇಲೆ ಕೂತಿತು. ತಮ್ಮವರ ತೀರ್ಮಾನ, ನಾನು ಅಡ್ಡ ಬರಲಿಲ್ಲ.